ಆಸ್ತಿ ಕೋಟಿಗಟ್ಟಲೆ, ಸಂಬಳ ಮಾತ್ರ ತಡ: ಚರ್ಚಿನ ದೊಡ್ಡ ಸೇವಾ ಸಂಸ್ಥೆಯ ಲೆಕ್ಕ ಓದುವ ಬಗೆ

ಊರಿನ ನಡುವೆ ಎಕರೆಗಟ್ಟಲೆ ಜಾಗ. ಶಾಲೆ ಇದೆ, ಆಸ್ಪತ್ರೆ ಇದೆ, ಹಾಸ್ಟೆಲ್ ಇದೆ. ಆದರೂ ಮೇಷ್ಟ್ರ ಸಂಬಳ ಎರಡು ತಿಂಗಳು ತಡ. ಯಾಕೆ? ಚರ್ಚಿನ ಸೇವಾ ಸಂಸ್ಥೆಗಳಿರುವ ಊರುಗಳಲ್ಲಿ ಈ ಪ್ರಶ್ನೆ ಹೊಸದಲ್ಲ. ಇದಕ್ಕೆ ಎರಡು ಉತ್ತರ ಯಾವಾಗಲೂ ಸಿದ್ಧ ಇರುತ್ತವೆ. "ಯಾರೋ ತಿಂದಿರ್ತಾರೆ" ಅನ್ನುವುದು ಒಂದು. "ದೇವರ ಕೆಲಸ, ಅದಕ್ಕೆಲ್ಲ ಲೆಕ್ಕ ಕೇಳಬಾರದು" ಅನ್ನುವುದು ಇನ್ನೊಂದು. ಎರಡರಿಂದಲೂ ಆ ಮೇಷ್ಟ್ರಿಗೆ ಉಪಯೋಗವಿಲ್ಲ. ನಿಜವಾದ ಉತ್ತರ ಸಂಸ್ಥೆಯ ವಾರ್ಷಿಕ ಲೆಕ್ಕದ ಹಾಳೆಗಳಲ್ಲಿ ಇರುತ್ತದೆ. ಅವನ್ನು ಓದಲು ಸಿಎ ಆಗಬೇಕಿಲ್ಲ.

ಬಳ್ಳಾರಿ, ಕೊಪ್ಪಳ, ರಾಯಚೂರು ಭಾಗದಲ್ಲಿ ಈ ಕೆಲಸಗಳ ಬೇರು ಹಳೆಯದು. ಲಂಡನ್ ಮಿಷನರಿ ಸೊಸೈಟಿಯ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದರು. ಬಳ್ಳಾರಿಯ ವಾರ್ಡ್ಲಾ ಶಾಲೆ ಹುಟ್ಟಿದ್ದು ಆ ಮಿಷನ್ನಿನಿಂದ. ಮುದಗಲ್ಲಿನ ಕ್ರೈಸ್ತ ಸಮುದಾಯ ಆದಿಲ್‌ಶಾಹಿ ಕಾಲದ್ದು. ಬಳ್ಳಾರಿಯ ಕ್ಯಾಥೋಲಿಕ್ ಧರ್ಮಕ್ಷೇತ್ರ, ಅಂದರೆ ಒಬ್ಬ ಬಿಷಪ್ಪರ ಆಡಳಿತದ ವ್ಯಾಪ್ತಿ, 1949ರಲ್ಲಿ ಆಯಿತು. ಕೊಪ್ಪಳ, ರಾಯಚೂರು ಜಿಲ್ಲೆಗಳೂ ಅದರ ವ್ಯಾಪ್ತಿಗೆ ಬರುತ್ತವೆ. ಇಷ್ಟು ಹಳೆಯ ಕೆಲಸದ ಸುತ್ತ ಜಾಗ, ಕಟ್ಟಡ, ದತ್ತಿ ಎಲ್ಲ ಸೇರಿಕೊಂಡಿವೆ. ಹಾಗಾಗಿ ಹೊರಗಿನಿಂದ ನೋಡಿದವರಿಗೆ "ಇವರಿಗೆ ಹಣಕ್ಕೇನು ಕಮ್ಮಿ" ಅನಿಸುವುದು ಸಹಜ.

ಮೊದಲು ಬಿಡಿಸಿಕೊಳ್ಳಬೇಕಾದ ಗಂಟು ಹೆಸರಿನದು. ನಾವು ಎಲ್ಲವನ್ನೂ ಸೇರಿಸಿ "ಚರ್ಚಿನವರದು" ಅನ್ನುತ್ತೇವೆ. ಕಾನೂನಿನ ಕಣ್ಣಲ್ಲಿ ಅದು ಒಂದಲ್ಲ. ಆರಾಧನೆ ನಡೆಸುವ ಸಭೆ ಒಂದು, ಶಾಲೆ ನಡೆಸುವ ಸೊಸೈಟಿ ಇನ್ನೊಂದು, ಆಸ್ಪತ್ರೆ ನಡೆಸುವ ಸಿಸ್ಟರ್‌ಗಳ ಸಂಸ್ಥೆ ಮತ್ತೊಂದು, ಹಳ್ಳಿಗಳಲ್ಲಿ ಮಹಿಳಾ ಸಂಘ ಕಟ್ಟುವ ಸಮಾಜ ಸೇವಾ ಸಂಸ್ಥೆ ಬೇರೆಯೇ. ಒಂದರ ದುಡ್ಡು ಇನ್ನೊಂದಕ್ಕೆ ಸುಮ್ನೆ ಹೋಗುವಂತಿಲ್ಲ. ಭಾನುವಾರದ ಕಾಣಿಕೆ ಚೆನ್ನಾಗಿ ಬಂತು ಅಂದ ಮಾತ್ರಕ್ಕೆ ಆಸ್ಪತ್ರೆಯ ನರ್ಸ್‌ಗೆ ಸಂಬಳ ಆಗುತ್ತದೆ ಅಂತಲ್ಲ. ಹಾಗಾಗಿ ಮೊದಲ ಪ್ರಶ್ನೆ ಇದು: ನಾವು ಯಾವ ಸಂಸ್ಥೆಯ ಬಗ್ಗೆ ಮಾತಾಡುತ್ತಿದ್ದೇವೆ, ಅದು ಎಲ್ಲಿ ನೋಂದಣಿ ಆಗಿದೆ?

ಸೊಸೈಟಿ ಆದರೆ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ, 1960ರ ಪ್ರಕಾರ ವರ್ಷವರ್ಷ ಸರ್ವಸದಸ್ಯರ ಸಭೆ ಮಾಡಿ ಲೆಕ್ಕವನ್ನು ಜಿಲ್ಲಾ ನೋಂದಣಾಧಿಕಾರಿಗೆ ಕೊಡಬೇಕು. ಟ್ರಸ್ಟ್ ಆದರೆ ಪಕ್ಕದ ಮಹಾರಾಷ್ಟ್ರದಲ್ಲಿ ಇರುವಂಥ, ಟ್ರಸ್ಟ್‌ಗಳ ಮೇಲೆ ಕಣ್ಣಿಡುವ ಚಾರಿಟಿ ಕಮಿಷನರ್ ನಮ್ಮ ಕಡೆ ಇಲ್ಲ. ಟ್ರಸ್ಟ್ ಡೀಡಿನಲ್ಲಿ ಏನು ಬರೆದಿದೆಯೋ ಅದೇ ಮುಖ್ಯ. ಕಂಪನಿ ಆದರೆ ಇನ್ನೊಂದು ದಾರಿ. ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ ಎಂಬ ಪ್ರಾಟೆಸ್ಟೆಂಟ್) ಸಭೆಯ ಬಹುಪಾಲು ಆಸ್ತಿ ಸಿಎಸ್‌ಐ ಟ್ರಸ್ಟ್ ಅಸೋಸಿಯೇಷನ್ ಹೆಸರಿನಲ್ಲಿದೆ. ಹೆಸರಲ್ಲಿ ಟ್ರಸ್ಟ್ ಇದ್ದರೂ ಅದು 1947ರಲ್ಲಿ ನೋಂದಣಿಯಾದ ಲಾಭರಹಿತ ಕಂಪನಿ. ಕಂಪನಿಗಳು ಸರ್ಕಾರಕ್ಕೆ ಸಲ್ಲಿಸುವ ಲೆಕ್ಕವನ್ನು ಯಾರು ಬೇಕಾದರೂ ಕಂಪನಿ ವ್ಯವಹಾರಗಳ ಸಚಿವಾಲಯದ ಜಾಲತಾಣದಲ್ಲಿ 100 ರೂಪಾಯಿ ಶುಲ್ಕ ಕಟ್ಟಿ ನೋಡಬಹುದು. ಇದು ಬಹಳ ಜನಕ್ಕೆ ಗೊತ್ತಿಲ್ಲ.

ಬ್ಯಾಲೆನ್ಸ್ ಶೀಟಿನ ಒಳಗೆ

ಈಗ ಮೇಷ್ಟ್ರ ಸಂಬಳಕ್ಕೆ ಬರೋಣ. ಒಂದು ಲೆಕ್ಕ ಹಾಕಿ ನೋಡೋಣ. ಈ ಅಂಕಿಗಳನ್ನು ಉದಾಹರಣೆಗೆಂದು ನಾನೇ ಬರೆದಿದ್ದೇನೆ, ಯಾವ ಸಂಸ್ಥೆಯದೂ ಅಲ್ಲ. ಸಂಸ್ಥೆಯ ಒಟ್ಟು ಆಸ್ತಿ 12 ಕೋಟಿ ಅಂತ ಇಟ್ಟುಕೊಳ್ಳಿ. ಅದರಲ್ಲಿ 9 ಕೋಟಿ ಜಾಗ, ಕಟ್ಟಡ. 1 ಕೋಟಿ 80 ಲಕ್ಷ ಹೊರದೇಶದ ದಾನಿ ಕುಷ್ಟಗಿ ಕಡೆಯ ಹಳ್ಳಿಗಳ ಕುಡಿಯುವ ನೀರಿಗೆ ಅಂತಲೇ ಕೊಟ್ಟದ್ದು. 70 ಲಕ್ಷ ಯಾರೋ ಹಿರಿಯರ ಹೆಸರಲ್ಲಿ ಇಟ್ಟ ಎಫ್‌ಡಿ, ಬಡ್ಡಿಯಿಂದ ಮಾತ್ರ ಮಕ್ಕಳ ಫೀಸು ಕಟ್ಟಬೇಕು. ಉಳಿದದ್ದು 50 ಲಕ್ಷ. ಸಂಸ್ಥೆಯ ತಿಂಗಳ ಖರ್ಚು 25 ಲಕ್ಷ.

ಅಂದರೆ 12 ಕೋಟಿಯ ಸಂಸ್ಥೆಯ ಕೈಯಲ್ಲಿ ಧೈರ್ಯವಾಗಿ ಖರ್ಚು ಮಾಡಬಹುದಾದ ಹಣ ಎರಡೇ ತಿಂಗಳಿಗೆ ಸಾಕಾಗುವಷ್ಟು. ಯಾರೂ ತಿಂದಿಲ್ಲ. ಆದರೂ ಸಂಬಳ ತಡವಾಗುತ್ತದೆ. ಅನುದಾನಿತ ಶಾಲೆಗೆ ಸರ್ಕಾರದಿಂದ ಬರಬೇಕಾದ ಕಂತು ಮುಂದೆ ಹೋದರೆ ಸಾಕು. ಇಲ್ಲವೇ ತುಂಗಭದ್ರಾ ಕಾಲುವೆಯಲ್ಲಿ ಎರಡನೇ ಬೆಳೆಗೆ ನೀರು ಬರದ ವರ್ಷ ಬಂದರೆ ಸಾಕು. ಸಿಂಧನೂರು, ಗಂಗಾವತಿ ಕಡೆ ಭತ್ತದ ದುಡ್ಡು ಬರದಿದ್ದರೆ ಅಪ್ಪ ಅಮ್ಮ ಹಾಸ್ಟೆಲ್ ಫೀಸು ಎಲ್ಲಿಂದ ಕಟ್ಟಬೇಕು? ಮಳೆಯನ್ನೇ ನಂಬಿದ ಊರುಗಳಲ್ಲಂತೂ ಕುಟುಂಬಗಳು ಗುಳೆ ಹೋಗುತ್ತವೆ. ಬಾಕಿ ಫೀಸು ಪುಸ್ತಕದಲ್ಲಿ "ಬರಬೇಕಾದ ಹಣ" ಅಂತ ಆಸ್ತಿಯಾಗಿಯೇ ಕಾಣುತ್ತದೆ, ಆದರೆ ಅದರಿಂದ ಯಾರಿಗೂ ಸಂಬಳ ಕೊಡಲಾಗುವುದಿಲ್ಲ.

ಅದಕ್ಕೇ ಒಟ್ಟು ಆಸ್ತಿಯ ಅಂಕಿ ನೋಡಿ ಮೆಚ್ಚುವುದೂ ಬೇಡ, ಸಿಟ್ಟಾಗುವುದೂ ಬೇಡ. ಷರತ್ತಿಲ್ಲದ ಹಣ ಎಷ್ಟಿದೆ, ಅದು ಎಷ್ಟು ತಿಂಗಳ ಖರ್ಚಿಗೆ ಸಾಕು ಅಂತ ನೋಡಿ. ನನ್ನ ಪ್ರಕಾರ ಇಡೀ ಹಾಳೆಯಲ್ಲಿ ಇದಕ್ಕಿಂತ ಮುಖ್ಯವಾದ ಅಂಕಿ ಇನ್ನೊಂದಿಲ್ಲ. ಆರು ತಿಂಗಳಿಗೆ ಸಾಕಾಗುವಷ್ಟಿದ್ದರೆ ನೆಮ್ಮದಿ. ಎರಡು ತಿಂಗಳಿದ್ದರೆ ಆತಂಕ. ಏನೂ ಇಲ್ಲದಿದ್ದರೆ ಸಂಸ್ಥೆ ಬೇರೆ ಹಣಕ್ಕೆ ಕೈ ಹಾಕುವ ದಿನ ದೂರವಿಲ್ಲ.

ಆ ಕೈ ಹಾಕುವುದೇ ನಿಜವಾದ ಅಪಾಯ. ನೀರಿನ ಯೋಜನೆಯ ಹಣ ಬ್ಯಾಂಕಿನಲ್ಲಿ ಸುಮ್ನೆ ಕೂತಿದೆ. ಸಂಬಳದ ದಿನ ಹತ್ತಿರ ಬಂದಿದೆ. "ಈ ತಿಂಗಳು ಅದರಿಂದ ತೆಗೆಯೋಣ, ಫೀಸು ಬಂದ ಮೇಲೆ ವಾಪಸ್ ಹಾಕೋಣ" ಅಂತ ಒಳ್ಳೆಯ ಮನಸ್ಸಿನಿಂದಲೇ ಶುರುವಾಗುತ್ತದೆ. ಫೀಸು ಬರುವುದಿಲ್ಲ. ಮುಂದಿನ ತಿಂಗಳೂ ತೆಗೆಯುತ್ತಾರೆ. ವರ್ಷದ ಕೊನೆಗೆ ಹಳ್ಳಿಯಲ್ಲಿ ಕೊಳವೆಬಾವಿ ಇಲ್ಲ, ಬ್ಯಾಂಕಿನಲ್ಲಿ ಹಣವೂ ಇಲ್ಲ. ಲೆಕ್ಕದ ಹಾಳೆಯಲ್ಲಿ ಇದು "ಒಂದು ನಿಧಿಯಿಂದ ಇನ್ನೊಂದು ನಿಧಿಗೆ ಕೊಟ್ಟ ಸಾಲ" ಅಥವಾ "ಮುಂಗಡ" ಅನ್ನುವ ಸಣ್ಣ ನಮೂದಾಗಿ ಕಾಣಿಸುತ್ತದೆ. ಆ ಮೊತ್ತ ವರ್ಷದಿಂದ ವರ್ಷಕ್ಕೆ ಬೆಳೆಯುತ್ತಿದ್ದರೆ ಅಲ್ಲೇ ನಿಂತು ಪ್ರಶ್ನೆ ಕೇಳಬೇಕು. ಹೊರದೇಶದ ಹಣವಾದರೆ ಇದು ಬರೀ ಅಶಿಸ್ತಲ್ಲ, ಕಾನೂನು ಮುರಿದ ಹಾಗೆ. ಆ ಹಣವನ್ನು ಸ್ಥಳೀಯ ಹಣದ ಜೊತೆ ಬೆರೆಸುವಂತೆಯೇ ಇಲ್ಲ.

ಇನ್ನೊಂದು ಲಕ್ಷಣವನ್ನು ನೌಕರರೇ ಪತ್ತೆ ಮಾಡಬಹುದು. ಪಿಎಫ್ ಹಣವನ್ನು ಮುಂದಿನ ತಿಂಗಳ 15ರೊಳಗೆ ಕಟ್ಟಬೇಕು. ಸಂಬಳದಲ್ಲಿ ಹಿಡಿದುಕೊಂಡ ಪಿಎಫ್ ಖಾತೆಗೆ ಬಿದ್ದಿದೆಯೋ ಇಲ್ಲವೋ ಅಂತ ಶಿಕ್ಷಕರು, ನರ್ಸ್‌ಗಳು ತಮ್ಮ ಫೋನಿನಲ್ಲೇ ಪಾಸ್‌ಬುಕ್ ತೆಗೆದು ನೋಡಬಹುದು. ಕಷ್ಟಕ್ಕೆ ಸಿಕ್ಕ ಸಂಸ್ಥೆ ಮೊದಲು ತಡ ಮಾಡುವುದು ಇಂಥ ಕಣ್ಣಿಗೆ ಬೀಳದ ಬಾಕಿಗಳನ್ನೇ. ಕೆಲಸ ಬಿಡುವಾಗ ಕೊಡಬೇಕಾದ ಇಡುಗಂಟು, ಅಂದರೆ ಗ್ರಾಚ್ಯುಟಿಗೆ ಹಣ ಎತ್ತಿಟ್ಟಿದ್ದಾರಾ ಅನ್ನುವುದನ್ನೂ ನೋಡಿ. ಇಪ್ಪತ್ತು ವರ್ಷ ದುಡಿದವರು ಒಟ್ಟಿಗೆ ನಿವೃತ್ತರಾಗುವ ವರ್ಷ ಅದು ದೊಡ್ಡ ಹೊರೆ.

ಜಾಗ ಮಾರಿದ ವರ್ಷದ ಲೆಕ್ಕವನ್ನು ವಿಶೇಷವಾಗಿ ಗಮನಿಸಬೇಕು. ಮಿಷನ್ ಕಾಲದ ಜಾಗ ಪುಸ್ತಕದಲ್ಲಿ ಅಂದಿನ ಬೆಲೆಗೇ ಕೂತಿರುತ್ತದೆ. ಇಂದಿನ ಬೆಲೆಗೆ ಒಂದು ತುಂಡು ಮಾರಿದರೆ ಆ ವರ್ಷ ಸಂಸ್ಥೆ ಬಹಳ ಲಾಭದಲ್ಲಿರುವಂತೆ ಕಾಣುತ್ತದೆ. ಆ ಹಣದಿಂದ ಹೊಸ ಹಾಸ್ಟೆಲ್ ಕಟ್ಟಿದರೆ ಒಂದು ಆಸ್ತಿ ಹೋಗಿ ಇನ್ನೊಂದು ಬಂತು. ಸಂಬಳ, ಕರೆಂಟು ಬಿಲ್ಲಿಗೆ ಖರ್ಚಾದರೆ ಸಂಸ್ಥೆ ತನ್ನ ಬುಡವನ್ನೇ ಕಡಿದುಕೊಳ್ಳುತ್ತಿದೆ. ಕ್ಯಾಥೋಲಿಕ್ ಧರ್ಮಸಭೆಯ ಕಾನೂನು ಈ ವಿಷಯದಲ್ಲಿ ಬಿಗಿಯಾಗಿದೆ. ನಿಗದಿ ಮಾಡಿದ ಮೊತ್ತ ದಾಟಿದರೆ ಧರ್ಮಾಧ್ಯಕ್ಷರು (ಬಿಷಪ್) ಹಣಕಾಸು ಸಮಿತಿಯ ಒಪ್ಪಿಗೆ ಇಲ್ಲದೆ ಆಸ್ತಿ ಮಾರಲು ಅನುಮತಿ ಕೊಡುವಂತಿಲ್ಲ. ಅದಕ್ಕಿಂತಲೂ ದೊಡ್ಡ ಮೊತ್ತವಾದರೆ ರೋಮಿನ ಒಪ್ಪಿಗೆ ಬೇಕು.

ಆಡಳಿತ ವೆಚ್ಚದ ಬಗ್ಗೆ ಒಂದೆರಡು ಮಾತು ಸಾಕು. ಹೊರದೇಶದ ದೇಣಿಗೆಯಲ್ಲಿ ಆಡಳಿತಕ್ಕೆ ಮೊದಲು ಶೇ. 50ರವರೆಗೆ ಬಳಸಬಹುದಿತ್ತು. ಹೊರದೇಶದ ದೇಣಿಗೆಯ ಕಾಯ್ದೆಗೆ (ಎಫ್‌ಸಿಆರ್‌ಎ) 2020ರಲ್ಲಿ ಬಂದ ತಿದ್ದುಪಡಿ ಅದನ್ನು ಶೇ. 20ಕ್ಕೆ ಇಳಿಸಿತು. ಆಡಳಿತ ವೆಚ್ಚ ಕಡಿಮೆ ಇದ್ದಷ್ಟೂ ಒಳ್ಳೆಯದು ಅಂತ ಬಹಳ ಜನ ನಂಬಿದ್ದಾರೆ. ನಾನು ಒಪ್ಪುವುದಿಲ್ಲ. ಲೆಕ್ಕ ಬರೆಯುವವರಿಗೆ ಸಂಬಳ ಕೊಡದೆ ಉಳಿಸಿದ ಹಣ ಉಳಿತಾಯವಲ್ಲ.

ಗಟ್ಟಿ ಇದ್ದೂ ಲೆಕ್ಕ ಒಪ್ಪಿಸದಿರುವುದು

ಹಣಕಾಸಿನ ಆರೋಗ್ಯ ಬೇರೆ, ಲೆಕ್ಕ ಒಪ್ಪಿಸುವ ಹೊಣೆ ಬೇರೆ. ನಾವು ಇವೆರಡನ್ನು ಬೆರೆಸುತ್ತೇವೆ. ಜಗತ್ತಿನ ದೊಡ್ಡ ಚರ್ಚ್ ನಿಧಿಗಳ ಕಥೆ ನೋಡಿದರೆ ವ್ಯತ್ಯಾಸ ಚೆನ್ನಾಗಿ ಕಾಣುತ್ತದೆ.

ಅಮೆರಿಕದ ಯೂಟಾದಲ್ಲಿ ಮಾರ್ಮನ್ ಸಭೆ ಇದೆ. ಸದಸ್ಯರು ದಶಮಾಂಶ, ಅಂದರೆ ಆದಾಯದ ಹತ್ತರಲ್ಲೊಂದು ಪಾಲು ಕೊಡುತ್ತಾರೆ. ಉಳಿದ ಹಣವನ್ನು ಎನ್‌ಸೈನ್ ಪೀಕ್ ಎಂಬ ಅದರದೇ ಸಂಸ್ಥೆ ಷೇರುಗಳಲ್ಲಿ ಹಾಕುತ್ತದೆ. 2019ರ ಕೊನೆಗೆ ಅಲ್ಲಿ ಕೆಲಸ ಮಾಡಿದ್ದ ಒಬ್ಬರ ದೂರಿನಿಂದ ಆ ನಿಧಿ ಸುಮಾರು 10,000 ಕೋಟಿ ಡಾಲರ್ ಅಂತ ಹೊರಬಂತು. ದಶಮಾಂಶ ಕೊಟ್ಟ ಸದಸ್ಯರಿಗೇ ಅದರ ಗಾತ್ರ ತಿಳಿದಿರಲಿಲ್ಲ. 2023ರ ಫೆಬ್ರವರಿಯಲ್ಲಿ ಅಮೆರಿಕದ ಷೇರುಪೇಟೆ ನಿಯಂತ್ರಕರು ಎನ್‌ಸೈನ್ ಪೀಕ್‌ಗೆ 40 ಲಕ್ಷ ಡಾಲರ್, ಸಭೆಗೆ 10 ಲಕ್ಷ ಡಾಲರ್ ದಂಡ ಹಾಕಿದರು. ನಿಧಿಯ ಗಾತ್ರ ಗೊತ್ತಾಗಬಾರದು ಅಂತ ಹೆಸರಿಗಷ್ಟೇ ಇದ್ದ 13 ಕಂಪನಿಗಳ ಹೆಸರಲ್ಲಿ ವರದಿ ಸಲ್ಲಿಸಿದ್ದರು. ಗಮನಿಸಿ, ಅಲ್ಲಿ ಯಾರೂ ಹಣ ಕದ್ದ ಆರೋಪಕ್ಕೆ ದಂಡ ಬೀಳಲಿಲ್ಲ. ಹಣಕಾಸು ಭದ್ರವಾಗಿಯೇ ಇತ್ತು. ತಪ್ಪು ಆಗಿದ್ದು ಬಚ್ಚಿಡುವುದರಲ್ಲಿ.

ಇಂಗ್ಲೆಂಡಿನ ಕಥೆ ತಿರುವುಮುರುವು. ಅಲ್ಲಿನ ಚರ್ಚ್ ಕಮಿಷನರ್ಸ್ ಎಂಬ ನಿಧಿ 1948ರಲ್ಲಿ ಎರಡು ಹಳೆಯ ನಿಧಿಗಳು ಸೇರಿ ಆದದ್ದು. ಅದರ ಪರವಾಗಿ ಒಬ್ಬ ಸಂಸದರು ಸಂಸತ್ತಿನಲ್ಲಿ ಪ್ರಶ್ನೆಗಳಿಗೆ ಉತ್ತರ ಕೊಡುತ್ತಾರೆ. ಲೆಕ್ಕ ಪ್ರತಿ ವರ್ಷ ಪ್ರಕಟವಾಗುತ್ತದೆ. ಇಷ್ಟೆಲ್ಲ ಇದ್ದೂ 1980ರ ದಶಕದ ಕೊನೆಗೆ ಸಾಲ ತೆಗೆದು ಕಟ್ಟಡ, ಮಾಲ್‌ಗಳ ವ್ಯವಹಾರಕ್ಕೆ ಇಳಿದರು. ರಿಯಲ್ ಎಸ್ಟೇಟ್ ಕುಸಿಯಿತು. ಸುಮಾರು 80 ಕೋಟಿ ಪೌಂಡ್ ಮೌಲ್ಯ ಕರಗಿತು. 1992ರಲ್ಲಿ ಪತ್ರಿಕೆಯೊಂದು ಅದನ್ನು ಬಯಲಿಗೆ ತಂದಿತು. ನಷ್ಟದ ಹೊರೆ ಬಿದ್ದದ್ದು ಊರೂರಿನ ಸಭೆಗಳ ಮೇಲೆ. 1998ರಿಂದ ಪಾದ್ರಿಗಳ ಹೊಸ ಸೇವಾವಧಿಯ ಪಿಂಚಣಿಗೆ ಸ್ಥಳೀಯ ಸಭೆಗಳೇ ಹಣ ಹೊಂದಿಸಬೇಕಾಯಿತು. ಆದರೆ ಎಲ್ಲ ಬಹಿರಂಗವಾಗಿ ಚರ್ಚೆಯಾಯಿತು, ರೀತಿ ಬದಲಾಯಿತು. ಇಂದು ಆ ನಿಧಿ 1,000 ಕೋಟಿ ಪೌಂಡ್ ಮೀರಿದೆ. ಬೈಸಿಕೊಳ್ಳಬೇಕಾಗಿ ಬಂದದ್ದರಿಂದಲೇ ಅದು ಚೇತರಿಸಿಕೊಂಡಿತು ಅನ್ನುವುದು ನನ್ನ ಅಭಿಪ್ರಾಯ.

ನಮ್ಮ ದೇಶದ ಸಂಸ್ಥೆಗಳಿಗೆ ಇವೆರಡಕ್ಕಿಂತ ಹತ್ತಿರದ ಪಾಠ ಬೇರೆ ಇದೆ. ಕಂಪ್ಯಾಷನ್ ಇಂಟರ್‌ನ್ಯಾಷನಲ್ ಎಂಬ ಅಮೆರಿಕದ ಕ್ರೈಸ್ತ ಸಂಸ್ಥೆ ಇಲ್ಲಿನ ಚರ್ಚುಗಳ ಮೂಲಕ ಒಂದೂವರೆ ಲಕ್ಷದ ಹತ್ತಿರ ಬಡ ಮಕ್ಕಳಿಗೆ ಊಟ, ಓದು ಕೊಡುತ್ತಿತ್ತು. ಹೊರದೇಶದ ಹಣ ತರಲು ಸರ್ಕಾರದ ಅನುಮತಿ ಸಿಗದೆ 2017ರ ಮಾರ್ಚ್‌ನಲ್ಲಿ ಕೆಲಸ ನಿಲ್ಲಿಸಿತು. ಹಣ ಕೊಡುವವರು ಇದ್ದರು, ಹಣ ಬರುವ ದಾರಿ ಮುಚ್ಚಿತು. ಸರ್ಕಾರ ಮಾಡಿದ್ದು ಸರಿಯೋ ತಪ್ಪೋ ಅನ್ನುವ ವಾದ ಒಂದು ಕಡೆ ಇರಲಿ. ಒಂದೇ ಮೂಲವನ್ನು ನಂಬಿದ ಕೆಲಸ ಎಷ್ಟು ಬೇಗ ನಿಲ್ಲಬಹುದು ಅನ್ನುವುದು ಅಂದು ಗೊತ್ತಾಯಿತು. 2020ರ ತಿದ್ದುಪಡಿಯ ನಂತರ ದೆಹಲಿ, ಚೆನ್ನೈಯ ದೊಡ್ಡ ಸಂಸ್ಥೆ ಹೊರದೇಶದ ಹಣ ತಂದು ಕೊಪ್ಪಳದ ಸಣ್ಣ ಸಂಸ್ಥೆಗೆ ಹಂಚುವುದೂ ನಿಂತಿದೆ. ಸಣ್ಣ ಸಂಸ್ಥೆಗೆ ತನ್ನದೇ ನೋಂದಣಿ ಬೇಕು. ದೆಹಲಿಯ ಸಂಸತ್ ಮಾರ್ಗದ ಎಸ್‌ಬಿಐ ಮುಖ್ಯ ಶಾಖೆಯಲ್ಲಿ ತನ್ನದೇ ಖಾತೆ ಬೇಕು. ಹಾಗಾಗಿ ಆದಾಯದ ಪಟ್ಟಿ ನೋಡುವಾಗ ಅತಿ ದೊಡ್ಡ ಮೂಲ ಯಾವುದು, ಅದು ನಾಳೆ ನಿಂತರೆ ಯಾವ ಕೆಲಸ ನಿಲ್ಲುತ್ತದೆ ಅಂತ ಕೇಳಿಕೊಳ್ಳಿ.

ಲೆಕ್ಕ ಮೇಲಕ್ಕೆ ಹೋಗುತ್ತದೆ, ಕೆಳಗೆ ಬರುವುದಿಲ್ಲ

ಇದೇ ನಾನು ಮುಖ್ಯವಾಗಿ ಹೇಳಬೇಕೆಂದಿರುವುದು. ನಮ್ಮ ಭಾಗದ ದೊಡ್ಡ ಸೇವಾ ಸಂಸ್ಥೆಗಳು ಲೆಕ್ಕ ಕೊಡುವುದಿಲ್ಲ ಅನ್ನುವುದು ತಪ್ಪು. ಬೇಕಾದಷ್ಟು ಕೊಡುತ್ತವೆ, ಆದರೆ ಮೇಲಿನವರಿಗೆ. ಆದಾಯ ತೆರಿಗೆ ಇಲಾಖೆಗೆ ಆಡಿಟ್ ವರದಿ ಕೊಡಬೇಕು. ವರ್ಷದ ಆದಾಯದಲ್ಲಿ ಕನಿಷ್ಠ ಶೇ. 85ನ್ನು ಸೇವೆಗೆ ಖರ್ಚು ಮಾಡಿದ್ದೇವೆ ಅಂತ ತೋರಿಸಬೇಕು, ಇಲ್ಲವೇ ಯಾವ ಕೆಲಸಕ್ಕೆ ಕೂಡಿಡುತ್ತಿದ್ದೇವೆ ಅಂತ ಬರೆದುಕೊಡಬೇಕು. ಗೃಹ ಸಚಿವಾಲಯಕ್ಕೆ ಹೊರದೇಶದ ಹಣದ ವರದಿ ಬೇರೆ. ಯುರೋಪಿನ ದಾನಿಗೆ ಯೋಜನೆಯ ವರದಿ ಬೇರೆ. ಕಚೇರಿಯ ಅಕೌಂಟೆಂಟ್ ವರ್ಷವಿಡೀ ಇದರಲ್ಲೇ ಮುಳುಗಿರುತ್ತಾರೆ.

ಆದರೆ ಭಾನುವಾರ ಕಾಣಿಕೆ ಹಾಕಿದ ಅಜ್ಜಿಗೆ? ಹಾಸ್ಟೆಲ್ ಫೀಸು ಕಟ್ಟಿದ ಅಪ್ಪನಿಗೆ? ಯೋಜನೆಯ ಫಲಾನುಭವಿ ಅಂತ ಹೆಸರು ಬರೆಸಿಕೊಂಡ ಹಳ್ಳಿಯ ಹೆಂಗಸಿಗೆ? ಅವರಿಗೆ ಒಂದು ಹಾಳೆಯೂ ಬರುವುದಿಲ್ಲ. ಹಿಂದೆ ಗೃಹ ಸಚಿವಾಲಯದ ಜಾಲತಾಣದಲ್ಲಿ ಯಾವ ಸಂಸ್ಥೆಗೆ ಹೊರದೇಶದಿಂದ ಎಷ್ಟು ಹಣ ಬಂತು ಅಂತ ಯಾರು ಬೇಕಾದರೂ ನೋಡಬಹುದಿತ್ತು. 2022ರ ಜುಲೈನಲ್ಲಿ ಆ ವಾರ್ಷಿಕ ವರದಿಗಳನ್ನು ಜನರ ಕಣ್ಣಿಂದ ತೆಗೆದರು. ಮೂರು ತಿಂಗಳಿಗೊಮ್ಮೆ ವಿವರ ಪ್ರಕಟಿಸಬೇಕೆಂಬ ನಿಯಮವನ್ನೂ ಅದೇ ತಿಂಗಳು ಕೈಬಿಟ್ಟರು. ಸಂಸ್ಥೆ ತಾನಾಗಿ ತೋರಿಸಿದರೆ ಮಾತ್ರ ಸುಲಭ.

ತೋರಿಸಬೇಕು ಅಂತ ಧರ್ಮಸಭೆಯ ಕಾನೂನೇ ಹೇಳುತ್ತದೆ. 1983ರ ಕ್ಯಾಥೋಲಿಕ್ ಕಾನೂನು ಸಂಹಿತೆಯ ಪ್ರಕಾರ ಪ್ರತಿ ಧರ್ಮಕೇಂದ್ರದಲ್ಲೂ (ಊರಿನ ಸಭೆಯಲ್ಲೂ) ಹಣಕಾಸು ಸಮಿತಿ ಇರಲೇಬೇಕು (537ನೇ ನಿಯಮ). ಭಕ್ತರು ಒಂದು ಉದ್ದೇಶಕ್ಕೆ ಕೊಟ್ಟ ಕಾಣಿಕೆಯನ್ನು ಆ ಉದ್ದೇಶಕ್ಕೇ ಬಳಸಬೇಕು (1267). ಆಡಳಿತಗಾರರು ವರ್ಷವರ್ಷ ಧರ್ಮಾಧ್ಯಕ್ಷರಿಗೆ ಲೆಕ್ಕ ಕೊಡಬೇಕು. ಅಷ್ಟೇ ಅಲ್ಲ, ಭಕ್ತರು ಕೊಟ್ಟದ್ದರ ಲೆಕ್ಕವನ್ನು ಭಕ್ತರಿಗೂ ಕೊಡಬೇಕು (1287). ಲೆಕ್ಕ ಕೇಳುವುದು ಅವಿಧೇಯತೆ ಅನ್ನುವವರಿಗೆ ಈ ಕೊನೆಯ ನಿಯಮವನ್ನು ವಿನಯದಿಂದ ತೋರಿಸಬಹುದು. ಬೈಬಲ್ಲಿನ ಅಪೊಸ್ತಲ ಪೌಲನೇ ಯೆರೂಸಲೇಮಿನ ಬಡವರಿಗೆಂದು ಎತ್ತಿದ ಹಣವನ್ನು ಒಬ್ಬನೇ ನಿಭಾಯಿಸಲಿಲ್ಲ. ಯಾರೂ ಬೆರಳು ತೋರಿಸಬಾರದು ಅಂತ ಸಭೆಗಳು ಆರಿಸಿದವರನ್ನು ಜೊತೆಗೆ ಇಟ್ಟುಕೊಂಡ.

ಎಲ್ಲರ ಮುಂದೆ ಲೆಕ್ಕ ಮಾಡುವುದು ನಮ್ಮ ಜನಕ್ಕೆ ಹೊಸದೂ ಅಲ್ಲ. ಹುಲಿಗೆಮ್ಮನ ಗುಡಿಯ ಹುಂಡಿ ಎಣಿಕೆ ಅಧಿಕಾರಿಗಳ ಎದುರು ನಡೆಯುತ್ತದೆ, ಮೊತ್ತ ಮರುದಿನ ಪೇಪರಿನಲ್ಲಿ ಬರುತ್ತದೆ. ಉದ್ಯೋಗ ಖಾತ್ರಿ ಕೆಲಸದ ಸಾಮಾಜಿಕ ಪರಿಶೋಧನೆಯಲ್ಲಿ ಯಾರಿಗೆ ಎಷ್ಟು ಕೂಲಿ ಅಂತ ಗ್ರಾಮಸಭೆಯಲ್ಲಿ ಓದಿ ಹೇಳುವುದನ್ನು ಜನ ಕೇಳಿದ್ದಾರೆ. ಎಲ್ಲಕ್ಕಿಂತ ಹೆಚ್ಚಾಗಿ ಮಹಿಳಾ ಸಂಘಗಳಿವೆ. ವಾರದ ಉಳಿತಾಯ, ಸಾಲ, ಬಡ್ಡಿ ಎಲ್ಲವನ್ನೂ ಸಭೆಯಲ್ಲಿ ಗಟ್ಟಿಯಾಗಿ ಓದಿ, ಠರಾವು ಬರೆದು, ಎಲ್ಲರೂ ಸಹಿ ಅಥವಾ ಹೆಬ್ಬೆಟ್ಟು ಒತ್ತುತ್ತಾರೆ. ಇದನ್ನು ಎಷ್ಟೋ ಹಳ್ಳಿಗಳಲ್ಲಿ ಕಲಿಸಿದ್ದು ಸ್ವಯಂಸೇವಾ ಸಂಸ್ಥೆಗಳೇ, ಚರ್ಚಿನವೂ ಅದರಲ್ಲಿ ಸೇರಿವೆ. ಸಂಘದ ಹೆಂಗಸರಿಗೆ "ಒಂದು ರೂಪಾಯಿಯೂ ಪುಸ್ತಕಕ್ಕೆ ಬರಬೇಕು" ಅಂತ ಪಾಠ ಹೇಳುವ ಸಂಸ್ಥೆ ತನ್ನ ಪುಸ್ತಕವನ್ನು ಅವರ ಮುಂದೆ ಇಡಬೇಕಲ್ವಾ? ಕನ್ನಡದಲ್ಲಿ ಒಂದು ಹಾಳೆ ಸಾಕು. ಎಷ್ಟು ಬಂತು, ಎಲ್ಲಿಂದ ಬಂತು, ಯಾವುದಕ್ಕೆ ಹೋಯಿತು, ಎಷ್ಟು ಬಾಕಿ ಉಳಿದಿದೆ. ಚರ್ಚಿನ ಬಾಗಿಲಿಗೆ ಅಂಟಿಸಲಿ, ಹಾಸ್ಟೆಲ್ ಪಾಲಕರ ಸಭೆಯಲ್ಲಿ ಓದಲಿ.

ಕೇಳುವುದು ಹೇಗೆ

ಮೊದಲು ಕಚೇರಿಗೆ ಹೋಗಿ ಕೇಳಿ. "ಫಾದರ್, ಹೋದ ವರ್ಷದ ಆಡಿಟ್ ವರದಿ ನೋಡಬಹುದಾ?" ಅಂದರೆ ಸಾಕು. ಸಿಎಸ್‌ಐ ಆದರೆ ಸಭಾಪಾಲಕರನ್ನೋ ಸಮಿತಿಯ ಖಜಾಂಚಿಯನ್ನೋ ಕೇಳಿ. ಕೊಟ್ಟರೆ ಮೊದಲು ಆಡಿಟರ್ ಬರೆದ ಪುಟ ಓದಿ. "ಈ ಅಂಶವನ್ನು ಬಿಟ್ಟು" ಎಂಬ ಅರ್ಥದ ಸಾಲು ಇದ್ದರೆ ಆಡಿಟರ್‌ಗೆ ಆ ಅಂಶದ ದಾಖಲೆ ತೃಪ್ತಿ ಕೊಟ್ಟಿಲ್ಲ ಅಂತ ಅರ್ಥ. ನಂತರ ಮೂರು ವರ್ಷದ ವರದಿ ಪಕ್ಕಪಕ್ಕ ಇಟ್ಟು ನೋಡಿ. ಒಂದು ವರ್ಷದ ಕೊರತೆ ಯಾರಿಗೂ ಬರಬಹುದು. ಮೂರು ವರ್ಷವೂ ಕೊರತೆ, ಮುಂಗಡ ಬೆಳೆಯುತ್ತಿದೆ, ಜಾಗ ಮಾರಿದ ಹಣ ಸಂಬಳಕ್ಕೆ ಹೋಗಿದೆ ಅಂದರೆ ಸಂಸ್ಥೆಗೆ ನಿಜವಾಗಿಯೂ ಹುಷಾರಿಲ್ಲ. ಟ್ರಸ್ಟಿಗಳ ಸಂಬಂಧಿಕರಿಗೆ ಬಾಡಿಗೆ, ಗುತ್ತಿಗೆ ಕೊಟ್ಟಿದ್ದರೆ ಅದನ್ನೂ ಆಡಿಟ್ ವರದಿಯಲ್ಲಿ ಬರೆಯಬೇಕಾಗುತ್ತದೆ. ಅಲ್ಲೂ ಒಮ್ಮೆ ಕಣ್ಣಾಡಿಸಿ.

ಕೊಡದಿದ್ದರೂ ದಾರಿಗಳಿವೆ. ಸರ್ಕಾರದ ಅನುದಾನದಿಂದಲೇ ಬಹುಪಾಲು ನಡೆಯುವ ಶಾಲೆ, ಕಾಲೇಜುಗಳು ಮಾಹಿತಿ ಹಕ್ಕಿನ ವ್ಯಾಪ್ತಿಗೆ ಬರುತ್ತವೆ ಅಂತ ಸುಪ್ರೀಂ ಕೋರ್ಟ್ 2019ರಲ್ಲಿ ಹೇಳಿದೆ. ಸೊಸೈಟಿಯ ಮೂರನೇ ಒಂದು ಭಾಗ ಸದಸ್ಯರು ಅರ್ಜಿ ಕೊಟ್ಟರೆ ನೋಂದಣಾಧಿಕಾರಿ ವಿಚಾರಣೆ ನಡೆಸಬೇಕು. ಸಾರ್ವಜನಿಕ ಟ್ರಸ್ಟ್ ಆದರೆ ಅದರಲ್ಲಿ ಹಿತಾಸಕ್ತಿ ಇರುವ ಇಬ್ಬರು ಸೇರಿ, ಕೋರ್ಟಿನ ಅನುಮತಿ ಪಡೆದು, ಸಿವಿಲ್ ಪ್ರಕ್ರಿಯಾ ಸಂಹಿತೆಯ 92ನೇ ಕಲಂ ಅಡಿ ಲೆಕ್ಕ ಕೇಳಿ ದಾವೆ ಹೂಡಬಹುದು. ಇದು ಕೊನೆಯ ದಾರಿ. ವರ್ಷಗಟ್ಟಲೆ ಎಳೆಯುತ್ತದೆ, ಊರಿನಲ್ಲಿ ಮನಸ್ಸುಗಳೂ ಒಡೆಯುತ್ತವೆ. ಅಲ್ಲಿಗೆ ಹೋಗುವ ಮೊದಲು ಹಣಕಾಸು ಸಮಿತಿಗೆ ಲೆಕ್ಕ ಗೊತ್ತಿರುವ ಒಬ್ಬಿಬ್ಬರು ಸಾಮಾನ್ಯ ಸದಸ್ಯರನ್ನು ಸೇರಿಸಿ ಅಂತ ಒತ್ತಾಯಿಸುವುದು ಒಳ್ಳೆಯದು. ನಿವೃತ್ತ ಬ್ಯಾಂಕ್ ನೌಕರರು, ಮಹಿಳಾ ಸಂಘದ ಪುಸ್ತಕ ಬರೆಯುವವರು ಎಲ್ಲ ಊರಲ್ಲೂ ಸಿಗುತ್ತಾರೆ.

ಕೇಳುವ ಸಮಯವೂ ಮುಖ್ಯ. ಲೆಕ್ಕದ ವರ್ಷ ಮಾರ್ಚ್ 31ಕ್ಕೆ ಮುಗಿಯುತ್ತದೆ. ಹೊರದೇಶದ ಹಣದ ವರದಿಗೆ ಡಿಸೆಂಬರ್ 31 ಕೊನೆಯ ದಿನ. ಅಷ್ಟರಲ್ಲಿ ಆಡಿಟ್ ಎಲ್ಲ ಮುಗಿದಿರುತ್ತದೆ. ಹಾಗಾಗಿ ಜನವರಿಯಲ್ಲಿ ಕೇಳಿದರೆ "ಇನ್ನೂ ಆಡಿಟ್ ಆಗಿಲ್ಲ" ಅಂತ ಯಾರೂ ಹೇಳುವಂತಿಲ್ಲ.